ಟ್ಯಾಂಕರ್ ಮುನೀಂದ್ರ ಕೇಳದ ಕೋಡಿ

ಅಟ್ಟೂರಿನಲ್ಲಿ ಬರೀ ಮುನೀಂದ್ರ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಟ್ಯಾಂಕರ್ ಮುನೀಂದ್ರ ಅನ್ನಬೇಕು. ಆಗ ಪಾನಿಪುರಿ ಗಾಡಿಯವನೂ ಕೈ ಎತ್ತಿ ದಾರಿ ತೋರಿಸುತ್ತಾನೆ. ಶಿವರಾತ್ರಿ ಕಳೆದು ಲೇಔಟಿನ ಬೋರ್‌ವೆಲ್‌ಗಳು ನೀರಿನ ಬದಲು ಗಾಳಿ ಉಗುಳಲು ಶುರುಮಾಡಿದವೆಂದರೆ ಮುಗಿಯಿತು, ಮುಂಗಾರು ಬರುವವರೆಗೆ ಈ ಮನುಷ್ಯನ ಫೋನಿಗೆ ಬಿಡುವೆಂಬುದಿಲ್ಲ. ತುತ್ತು ಬಾಯಿಗಿಡುವಷ್ಟರಲ್ಲಿ "ಸಾರ್, ಸಂಪಲ್ಲಿ ಒಂದ್ ತೊಟ್ಟು ನೀರಿಲ್ಲ, ಮನೇಲಿ ನೆಂಟ್ರಿದಾರೆ" ಎಂದು ಯಾರೋ ಗೋಳಿಡುತ್ತಿರುತ್ತಾರೆ. ಇವನು ಕೈ ತೊಳೆದು ಎದ್ದು ಹೋಗುತ್ತಾನೆ. ಬೇಸಿಗೆಯಲ್ಲಿ ಅವನ ತಟ್ಟೆಯ ಮುದ್ದೆ ಬಿಸಿಯಾಗಿ ಮುಗಿದದ್ದನ್ನು ಕಂಡವರಿಲ್ಲ.

ಇಂಥ ಮನುಷ್ಯನಿಗೆ ಒಂದು ಹುಚ್ಚಿತ್ತು. ಕುಡಿತವೋ ಇಸ್ಪೀಟೋ ಆಗಿದ್ದರೆ ಹೆಂಡತಿ ಕಲಾವತಿ ಬೈದು ಬುದ್ಧಿ ಹೇಳಿ ಸರಿಮಾಡಿರುತ್ತಿದ್ದಳು. ಇದು ಬೈಗುಳಕ್ಕೆ ಬಗ್ಗುವ ಹುಚ್ಚಲ್ಲ, 'ಹೊಂಗೆ ನೆರಳು' ಎಂಬ ಬ್ಯಾಂಡಿನ ಹುಚ್ಚು. ಐದು ಜನ, ಗಿಟಾರು, ಡ್ರಮ್ಮು, ಒಂದು ಕೊಳಲು. ಹಾಡು ಹಿಡಿದರೆಂದರೆ ಬಿಡುವ ಜಾತಿಯವರಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಒಂದನ್ನೇ ಎಳೆದು, ತಿರುಗಿಸಿ, ಎಲ್ಲಿಂದಲೋ ಎಲ್ಲಿಗೋ ಒಯ್ಯುತ್ತಾರೆ. ಇವತ್ತು ನುಡಿಸಿದ ಹಾಗೆ ನಾಳೆ ನುಡಿಸುವುದಿಲ್ಲ. ಇಂಥವರನ್ನು ಜ್ಯಾಮ್ ಬ್ಯಾಂಡ್ ಎನ್ನುತ್ತಾರೆಂದು ಮುನೀಂದ್ರ ಹೆಮ್ಮೆಯಿಂದ ಹೇಳಿದಾಗ ಕಲಾವತಿ, "ಹೆಬ್ಬಾಳದ ಬ್ರಿಡ್ಜ್ ಮೇಲೆ ದಿನಾ ಸಿಗೋ ಜ್ಯಾಮ್ ಸಾಲ್ದಾ ನಿಮ್ಗೆ?" ಎಂದು ಮೂಗು ಮುರಿದಿದ್ದಳು.

ಹುಚ್ಚು ಹತ್ತಿದ್ದು ನಾಲ್ಕು ಬೇಸಿಗೆಯ ಹಿಂದೆ, ವಿದ್ಯಾರಣ್ಯಪುರದಲ್ಲಿ. ಮೂರಂತಸ್ತಿನ ಮನೆಯೊಂದರ ನೆಲದಡಿಯ ಸಂಪಿನೊಳಗೆ ಪೈಪು ಬಿಟ್ಟು, ವಾಲ್ ತಿರುಗಿಸಿ, ಬೀಡಿ ಹಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಮೇಲಿನ ರೂಮಿನಲ್ಲಿ ಯಾರೋ ಗಿಟಾರು ಮೀಟುತ್ತಿದ್ದರು. ನಾಲ್ಕೇ ನಾಲ್ಕು ಸ್ವರ, ಮೀಟಿದ್ದನ್ನೇ ಮೀಟುತ್ತಿದ್ದಾರೆ. ಕಲಿಯುವ ಹುಡುಗರಿರಬೇಕು ಅಂದುಕೊಂಡ. ಅಷ್ಟರಲ್ಲಿ ಡ್ರಮ್ಮು ಮೆಲ್ಲಗೆ ಒಳಗೆ ಬಂತು, ಕೊಳಲು ಬಂತು, ಆ ನಾಲ್ಕು ಸ್ವರವೇ ಬೇರೇನೋ ಆಗತೊಡಗಿತು. ಮುನೀಂದ್ರನ ಮೈ ಜುಮ್ಮೆಂದಿತು. ಬೀಡಿ ಬೆರಳಲ್ಲೇ ಆರಿತು. ಸಂಪು ತುಂಬಿ, ಉಕ್ಕಿ, ಗೇಟು ದಾಟಿ, ಬೀದಿಯ ಸ್ಕೂಟರುಗಳ ಚಕ್ರದಡಿ ನೀರು ಹರಿಯುತ್ತಿದ್ದಾಗ ಮನೆಯೊಡತಿ ಹೊರಗೆ ಬಂದು ಬಾಯಿಗೆ ಬಂದಂತೆ ಬೈದು ಓಡಿಸಿದಳು. ಜೀವಮಾನದಲ್ಲಿ ಒಂದು ಚೊಂಬು ನೀರು ಚೆಲ್ಲಿದವನಲ್ಲ ಅವನು. ಆ ನಾಚಿಕೆಗಿಂತ ಹಾಡು ಅರ್ಧಕ್ಕೇ ಬಿಟ್ಟುಹೋಯಿತಲ್ಲ ಎಂಬ ಸಂಕಟವೇ ದೊಡ್ಡದಾಯಿತು.

ಆ ಹಾಡಿನ ಹೆಸರು 'ಕೋಡಿ' ಎಂದು ಆಮೇಲೆ ತಿಳಿಯಿತು. ಮಾತಿಲ್ಲದ ಹಾಡು. ಕೆರೆ ತುಂಬುವ ಹಾಗೆ ಮೆಲ್ಲಮೆಲ್ಲಗೆ ತುಂಬುತ್ತ ಬಂದು ಕೊನೆಗೆ ಒಮ್ಮೆಲೇ ಉಕ್ಕಿ ಹರಿಯಬೇಕು. ಹರಿದ ದಿನ ಅಭಿಮಾನಿಗಳು "ಇವತ್ತು ಕೋಡಿ ಬಿತ್ತು ಗುರು" ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಎಷ್ಟೋ ದಿನ ಬೀಳುವುದೇ ಇಲ್ಲ, ಬ್ಯಾಂಡಿನವರು ನಕ್ಕು ಕೈಬಿಡುತ್ತಾರೆ. ಅದೊಂದು ಹಾಡನ್ನು ಮಾತ್ರ ಯಾರೂ ರೆಕಾರ್ಡ್ ಮಾಡುವಂತಿಲ್ಲ. ಕೇಳಿದವರ ಬಾಯಲ್ಲಿ ಎಷ್ಟು ಉಳಿಯುತ್ತದೋ ಅಷ್ಟೇ ಉಳಿಯಲಿ ಎಂಬುದು ಬ್ಯಾಂಡಿನವರ ಕಟ್ಟುನಿಟ್ಟು. ಮರೆತು ಫೋನು ಎತ್ತಿದವನ ಕೈಯನ್ನು ಪಕ್ಕದವರೇ ಹಿಡಿದು ಇಳಿಸುತ್ತಾರೆ.

ಹಾಗಾಗಿಯೇ ಅಭಿಮಾನಿಗಳಲ್ಲಿ 'ಸುತ್ತು' ಎಂಬ ಪದ್ಧತಿ ಬೆಳೆದದ್ದು. ಕಛೇರಿ ಮುಗಿದ ಮೇಲೆ ಹತ್ತಿರದ ಟೀ ಅಂಗಡಿಯಲ್ಲಿ ಎಲ್ಲರೂ ಕೂರುತ್ತಾರೆ. ಆರ್.ಟಿ. ನಗರದ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಕುಬ್ರಾ ಮೇಡಂ ಇದರ ಯಜಮಾನಿ. ಒಬ್ಬೊಬ್ಬರಾಗಿ ತಾವು ಏನು ಕೇಳಿದೆವು, ಎಲ್ಲಿ ಏನಾಯಿತು ಎಂದು ಹೇಳಬೇಕು. ಹಾಡನ್ನು ಹಾಗೆ ಮಾತಿನಲ್ಲಿ ಮತ್ತೆ ಕಟ್ಟುತ್ತಾರೆ. ಮೇಡಂ ಹಾಕಿದ ನಿಯಮ ಒಂದೇ: ಕೊನೆಯವರೆಗೆ ನಿಂತವರು ಮಾತಾಡಲೇಬೇಕು, ನಡುವೆ ಎದ್ದು ಹೋದವರು ಬಾಯಿ ಬಿಡುವಂತಿಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ ಬಾಯಿ ಬಿಡದವನೆಂದರೆ ನಮ್ಮ ಮುನೀಂದ್ರ ಒಬ್ಬನೇ.

ಪಾಪ, ಪ್ರಯತ್ನಕ್ಕೇನು ಕಡಿಮೆಯಿರಲಿಲ್ಲ. ಆರ್.ಟಿ. ನಗರದ ಹಾಲಿನಲ್ಲಿ ಕೋಡಿ ಶುರುವಾದಾಗ ಯಾವುದೋ ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಫೋನು ಬಂತು, ಲಿಫ್ಟ್ ಬಳಿ ಜನ ಬಕೆಟ್ ಹಿಡಿದು ಜಗಳಕ್ಕೆ ನಿಂತಿದ್ದಾರಂತೆ. ಎದ್ದು ಓಡಿದ. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಗಿಟಾರು ಮೊದಲ ಸ್ವರ ಮೀಟುವಾಗಲೇ ಯಾರೋ ಬಂದು, "ಆಚೆ ಅಡ್ಡ ನಿಲ್ಸಿರೋ ಟ್ಯಾಂಕರ್ ಯಾರದ್ರಿ?" ಎಂದರು. ತೆಗೆದಿಟ್ಟು ಬರುವಷ್ಟರಲ್ಲಿ ಜನ ಅಳುತ್ತ ನಗುತ್ತ ಹೊರಗೆ ಬರುತ್ತಿದ್ದರು. ಹೋದ ಬೇಸಿಗೆ ಹೆಬ್ಬಾಳದ ಬಯಲಿನಲ್ಲಂತೂ ಹಲ್ಲು ಕಚ್ಚಿ ನಿಂತೇ ಇದ್ದ. ಗಾಳಿ ಎದ್ದಿತು, ಧೂಳು ನುಗ್ಗಿತು, ಕೊಳಲಿನವನು ಕೆಮ್ಮಿ ಕೆಮ್ಮಿ ಕುಸಿದು ಕೂತ. ಕೋಡಿ ನಿಂತಿತು, ಕಛೇರಿಯೂ ನಿಂತಿತು, ಅವತ್ತು ಸುತ್ತೂ ನಡೆಯಲಿಲ್ಲ. ಇದಕ್ಕೆ ಹಣೆಬರಹ ಅನ್ನದೆ ಇನ್ನೇನು ಅನ್ನುವುದು ಹೇಳಿ!

ಸುತ್ತಿಗೆ ಹೋದಾಗಲೆಲ್ಲ ಮೂಲೆಯಲ್ಲಿ ಟೀ ಹಿಡಿದು ಕೂರುತ್ತಿದ್ದ. ರಿಟೈರಾದ ಪೋಸ್ಟ್‌ಮಾಸ್ಟರ್ ರಾಮಕೃಷ್ಣಪ್ಪನವರು, "ಆ ಕೊಳಲು ಇಳೀತಲ್ಲ, ಆಗ ನನ್ನ ಎದೆ ನಿಂತೇ ಹೋಯ್ತು" ಎಂದು ಕಣ್ಣು ಮುಚ್ಚುತ್ತಿದ್ದರು. ಕಾಲೇಜು ಓದುವ ನಯನಾ, "ಇಲ್ಲ ಅಂಕಲ್, ಇಳಿಯೋಕ್ ಮುಂಚೆ ಒಂದ್ ಕ್ಷಣ ಯಾರೂ ನುಡಿಸ್ಲೇ ಇಲ್ಲ ನೋಡಿ, ಅದೇ ಕಣ್ರೀ ಕೋಡಿ" ಎಂದು ಜಗಳಕ್ಕೆ ಬೀಳುತ್ತಿದ್ದಳು. ಮುನೀಂದ್ರನಿಗೆ ಹೊಟ್ಟೆ ಉರಿಯುತ್ತಿತ್ತು. ಬೇರೆಯವರು ಉಂಡ ಊಟದ ರುಚಿಯನ್ನು ಹಸಿದವನು ಎಷ್ಟು ದಿನ ಕೇಳಿಸಿಕೊಂಡಾನು?

ಈ ವರ್ಷ ಯುಗಾದಿಯ ಹೊತ್ತಿಗೆ ಬ್ಯಾಂಡಿನವರು ಒಂದು ಮಾತು ಹೇಳಿಬಿಟ್ಟರು. ಬೇಸಿಗೆ ಕಛೇರಿಯಲ್ಲಿ ಕೋಡಿ ಕೊನೆಯ ಸಲ. ಆಮೇಲೆ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ, ಸಾಕಷ್ಟು ನುಡಿಸಿದ್ದಾಯಿತು. ಸುದ್ದಿ ಓದಿ ಮುನೀಂದ್ರ ಟ್ಯಾಂಕರಿನ ಸ್ಟೇರಿಂಗ್ ಮೇಲೆ ತಲೆಯಿಟ್ಟು ಕೂತುಬಿಟ್ಟ. ಹಿಂದಿನ ಕಾರಿನವನು ಹಾರನ್ ಹೊಡೆಯುತ್ತಲೇ ಇದ್ದ.

ಆದರೆ ನೋಡಿ, ಕಛೇರಿಯ ಜಾಗ ಯಾವುದು? ಹೆಸರಘಟ್ಟ ರಸ್ತೆಯಲ್ಲಿರುವ ಇವನ ಚಿಕ್ಕಪ್ಪನ ಮಗ ಮಹೇಂದ್ರನ ಮೈದಾನ! ಒಂದು ಕಾಲಕ್ಕೆ ಇಬ್ಬರ ಮನೆಯವರೂ ಸೇರಿ ರಾಗಿ ಬೆಳೆಯುತ್ತಿದ್ದ ಹೊಲ ಅದು. ಪಾಲಾದ ಮೇಲೆ ಮಹೇಂದ್ರ ಅದನ್ನು ಮಟ್ಟ ಮಾಡಿಸಿ, ಸುತ್ತ ತಗಡು ಬಡಿಸಿ, ಮದುವೆಗೆ ರಿಸೆಪ್ಷನ್ನಿಗೆ ಬಾಡಿಗೆ ಬಿಡುತ್ತಿದ್ದ. ಧೂಳು ಅಡಗಿಸಲು ನೀರು ಹೊಡೆಯುವ ಕೆಲಸಕ್ಕೆ ಅವನು ಕಛೇರಿಯವರಿಗೆ ಅಣ್ಣನ ಹೆಸರನ್ನೇ ಹೇಳಿದ.

"ಮುನಿಯಣ್ಣ, ಒಂದ್ ಲೋಡ್ ಸಾಕಂತೆ. ಮ್ಯಾಲ್‌ಮ್ಯಾಲೆ ಚಿಮುಕ್ಸಿ ಬುಟ್ಬುಡು."

"ಅಂಗಂದ್ರೆ ಎಂಗೋ? ಓದ್ ವರ್ಸ ಆ ಕೊಳಲಿನ ಉಡುಗ ಕೆಮ್ಮಿದ್ದು ನೀನ್ ನೋಡಿದ್ಯಾ? ಧೂಳು ಏಳ್ಬಾರ್ದು ಅಂದ್ರೆ ಏಳ್ಬಾರ್ದು."

"ನಿನ್ ಇಷ್ಟ ಕಣಣ್ಣ. ಜಾಸ್ತಿ ಉಯ್ದ್ರೆ ಅದ್ಕೆ ಕಾಸ್ ಕೇಳ್ಬ್ಯಾಡ ಅಷ್ಟೆ."

ಕಾಸು ಯಾರಿಗೆ ಬೇಕಿತ್ತು? ಬೆಳಗ್ಗೆ ಬಂದು ಒಂದು ಲೋಡು ಚಿಮುಕಿಸಿದ. ಚಪ್ಪಲಿಯಿಂದ ಕೆರೆದು ನೋಡಿದ, ಒಳಗೆ ಬೂದಿಯಂಥ ಮಣ್ಣು. ಅಪ್ಪ ರಾಗಿ ಕಣ ಮಾಡುತ್ತಿದ್ದದ್ದು ನೆನಪಾಯಿತು. ನೆಲ ಸಾಕು ಅನ್ನುವವರೆಗೆ ನೀರು ಕುಡಿಸುತ್ತಿದ್ದ. ಹಾಗೆ ಕುಡಿದ ನೆಲ ಸಿಮೆಂಟಿನಷ್ಟು ಗಟ್ಟಿಯಾಗಿ, ಸುಗ್ಗಿ ಮುಗಿಯುವವರೆಗೂ ಒಂದು ಚಿಟಿಕೆ ಧೂಳು ಏಳುತ್ತಿರಲಿಲ್ಲ. ಸರಿ, ಅದೇ ಹೊಲ ತಾನೇ? ಇನ್ನೊಂದು ಲೋಡು ತಂದು ಹೊಯ್ದ. ಸ್ಟೇಜಿನ ಸುತ್ತ, ಕೊಳಲಿನವನು ನಿಲ್ಲುವ ಕಡೆ, ಮತ್ತೊಂದು ಲೋಡು. ದೇವರ ಅಭಿಷೇಕಕ್ಕೂ ಅಷ್ಟು ಭಕ್ತಿಯಿಂದ ನೀರು ಹೊಯ್ದವನಲ್ಲ. ಅಪ್ಪ ಹಾಗೆ ನೀರು ಕುಡಿಸಿ ಒಂದಿಡೀ ರಾತ್ರಿ ಬಿಟ್ಟು, ಮಾರನೆಯ ದಿನ ಕಲ್ಲಿನ ಗುಂಡು ಉರುಳಿಸುತ್ತಿದ್ದ ಎಂಬುದು ಮಾತ್ರ ಈ ಪುಣ್ಯಾತ್ಮನಿಗೆ ನೆನಪಾಗಲೇ ಇಲ್ಲ. ಇಲ್ಲಿ ಬೆಳಗ್ಗೆಗೂ ಸಂಜೆಗೂ ನಡುವೆ ರಾತ್ರಿ ಎಲ್ಲಿಂದ ಬರಬೇಕು?

ಮಧ್ಯಾಹ್ನ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ. ಇನ್ನೊಂದು ಟ್ಯಾಂಕರ್ ಓಡಿಸುವ ದಾಸಪ್ಪನನ್ನು ಕರೆದು ತನ್ನ ಫೋನನ್ನೇ ಅವನ ಕೈಗೆ ಕೊಟ್ಟ.

"ತಗೋ. ಯಾರು ಮಾಡಿದ್ರೂ ನೀನೇ ಮಾತಾಡು. ಇವತ್ತೊಂದಿನ ನಾನು ಸತ್ತೋದೆ ಅಂದ್ಕೊ."

"ಥೂ, ಬುಡ್ತು ಅನ್ರೀ!" ಎಂದು ಒಳಗಿಂದಲೇ ಕೂಗಿದಳು ಕಲಾವತಿ. ಆಮೇಲೆ ಬಾಗಿಲಿಗೆ ಬಂದು ಅವನ ಅಂಗಿಯ ಕಾಲರು ಸರಿಮಾಡಿದಳು. "ಓಗ್ಬನ್ನಿ. ಇವತ್ತಾದ್ರೂ ಪೂರ್ತಿ ಕೇಳ್ಕೊಂಡ್ ಬನ್ನಿ, ನಿಮ್ ಗೋಳು ನನ್ಗೂ ಸಾಕಾಗದೆ."

ಮೈದಾನಕ್ಕೆ ಬಂದಾಗ ಇನ್ನೂ ಒಳ್ಳೆಯ ಬಿಸಿಲಿತ್ತು. ಟ್ಯಾಂಕರನ್ನು ಸ್ಟೇಜಿನ ಹಿಂದೆಯೇ ನಿಲ್ಲಿಸಿದ, ಯಾರ ದಾರಿಗೂ ಅಡ್ಡವಾಗಬಾರದೆಂದು. ಮುಂದಿನ ಸಾಲಿನಲ್ಲಿ ಕುಬ್ರಾ ಮೇಡಂ, ನಯನಾ, ರಾಮಕೃಷ್ಣಪ್ಪನವರು ಜಾಗ ಹಿಡಿದಿದ್ದರು. "ಬನ್ನಿ ಮುನೀಂದ್ರಣ್ಣ, ಇವತ್ತು ನಿಮ್ಮನ್ನ ಬಿಡಲ್ಲ" ಎಂದು ಮೇಡಂ ಪಕ್ಕಕ್ಕೆ ಸರಿದರು. ಧೂಳಿನ ಸುಳಿವೇ ಇರಲಿಲ್ಲ. ಕಾಲಡಿ ಸ್ವಲ್ಪ ಅಂಟಂಟು, ಅಷ್ಟೆ. ಯಾರೋ ಹಿಂದಿನಿಂದ, "ಏನ್ ಮಗಾ, ಗದ್ದೆ ಉಳೋಕೆ ಕರ್ಸಿದಾರಾ?" ಎಂದು ಚಪ್ಪಲಿ ಎಳೆದುಕೊಂಡಾಗ ಮುನೀಂದ್ರ ಕೇಳಿಸದವನಂತೆ ಆಕಾಶ ನೋಡಿದ.

ಮೊದಲ ಹಾಡು ಚೆನ್ನಾಗಿತ್ತು, ಎರಡನೆಯದೂ ಚೆನ್ನಾಗಿತ್ತು. ಅವನಿಗೆ ಅವು ಯಾವುವೂ ಬೇಕಿರಲಿಲ್ಲ. ಜನ ಕುಣಿದಷ್ಟೂ ನೆಲ ಕಲಸುತ್ತ ಹೋಯಿತು. ಬಿಸಿಲು ಇಳಿದು ತಗಡಿನ ಆಚೆಯ ನೀಲಗಿರಿ ಮರಗಳು ಕಪ್ಪಾಗುತ್ತಿದ್ದ ಹೊತ್ತಿಗೆ ಗಿಟಾರಿನವನು ಕಣ್ಣು ಮುಚ್ಚಿದ. ಆ ನಾಲ್ಕು ಸ್ವರ ಬಂತು. ಮುನೀಂದ್ರನಿಗೆ ಅರಿವಿಲ್ಲದೆ ಕೈ ಮುಗಿದುಹೋಯಿತು.

"ಟ್ಯಾಂಕರ್‌ನವ್ರು! ನೀರಿನ ಟ್ಯಾಂಕರ್‌ನವ್ರು ಎಲ್ಲಿದೀರಾ? ಅರ್ಜೆಂಟಾಗಿ ಸ್ಟೇಜ್ ಹಿಂದೆ ಬನ್ನಿ!"

ಪಕ್ಕದಲ್ಲಿ ಯಾವನೋ ವಾಲಂಟಿಯರ್ ಕೈಯಲ್ಲಿ ಮೆಗಾಫೋನ್ ಹಿಡಿದು ಕಿರುಚುತ್ತಿದ್ದ. ಮುನೀಂದ್ರ ಕದಲಲಿಲ್ಲ. ಇಲ್ಲ, ನಾನಲ್ಲ, ನಾನು ಸತ್ತಿದ್ದೇನೆ. ಕುಬ್ರಾ ಮೇಡಂ ಅವನ ತೋಳು ಹಿಡಿದು ತಲೆ ಅಲ್ಲಾಡಿಸಿದರು, ಹೋಗಬೇಡಿ. ವಾಲಂಟಿಯರ್ ಮತ್ತೆ ಕಿರುಚಿದ, "ಕೇಬಲ್ ಹತ್ರ ನೀರು ನಿಂತಿದೆ ರೀ, ತೆಗೀದಿದ್ರೆ ಕರೆಂಟ್ ಆಫ್ ಮಾಡ್ತಾರಂತೆ!"

ಕರೆಂಟ್ ಆಫ್ ಆದರೆ ಕೋಡಿ ಯಾರಿಗೂ ಇಲ್ಲ. ಮುನೀಂದ್ರ ತೋಳು ಬಿಡಿಸಿಕೊಂಡು ಓಡಿದ.

ಸ್ಟೇಜಿನ ಹಿಂದೆ ನೋಡಿದರೆ ಸಣ್ಣ ನೀರಿನ ಕುಂಟೆ! ಬೆಳಗ್ಗೆ ಅವನು ಕುಡಿಸಿದ ನೀರನ್ನು ನೆಲ ಪೂರ್ತಿ ಕುಡಿದಿರಲೇ ಇಲ್ಲ. ಜನ ತುಳಿದು ಕುಣಿದಂತೆ ಅದೆಲ್ಲ ಮೇಲೆದ್ದು, ಇಳಿಜಾರು ಹಿಡಿದು ಬಂದು, ಡ್ರಮ್ಮಿನವನು ಕೂತ ಕಡೆಯ ಮೂಲೆಯಲ್ಲೇ ಮಡುಗಟ್ಟಿತ್ತು. ನೀರಿನಿಂದ ಒಂದೇ ಗೇಣು ಎತ್ತರದ ಹಲಗೆಗಳ ಮೇಲೆ ದಪ್ಪ ದಪ್ಪ ಕೇಬಲ್ಲುಗಳು ಮಲಗಿದ್ದವು. ಕರೆಂಟಿನ ಹುಡುಗರು ಇವನನ್ನು ತಿನ್ನುವ ಹಾಗೆ ನೋಡಿದರು.

"ಯಾವನ್ರೀ ಇಷ್ಟು ನೀರು ಹೊಡೆದಿದ್ದು? ತಲೆ ಇದ್ಯಾ?"

ಮುನೀಂದ್ರ ಗಾಡಿಯ ಕಡೆ ಓಡಿದ. ಟ್ಯಾಂಕರಿನ ಬಾಲಕ್ಕೆ ತನ್ನಪ್ಪನ ಕಾಲದ ಡೀಸೆಲ್ ಮೋಟರನ್ನು ಬೆಸೆದುಕೊಂಡಿದ್ದ. ಒಂದು ಕಾಲಕ್ಕೆ ತರಕಾರಿ ತೋಟದ ಬಾವಿಯಿಂದ ನೀರೆತ್ತಿದ ಮೋಟರು ಅದು. ಹ್ಯಾಂಡಲ್ ತಿರುವಿದರೆ ಈಗಲೂ ಎದ್ದು ಕೂರುತ್ತದೆ. ಒಂದೇ ಐಬು, ನಾಲ್ಕು ಹೊಡೆತಕ್ಕೊಂದು ಸಲ ಉಸಿರು ಕಟ್ಟಿದ ಹಾಗೆ ತಡೆದು ಮುಂದೆ ಹೋಗುತ್ತದೆ. ಡುಗು ಡುಗು ಡುಗು ಡುಕ್... ಡುಗು ಡುಗು ಡುಗು ಡುಕ್. ಕಲಾವತಿ ಅದರ ಸದ್ದಿಗೆ ತಲೆನೋವೆಂದು ನೂರು ಸಲ ಹೇಳಿದ್ದಳು, ಮೆಕ್ಯಾನಿಕ್ಕಿಗೆ ತೋರಿಸುತ್ತೇನೆಂದು ಇವನು ನೂರು ಸಲ ಹೇಳಿದ್ದ. ಪೈಪನ್ನು ಮಡುವಿಗೆ ಇಳಿಬಿಟ್ಟು, ಗಾಡಿಯನ್ನು ಸ್ಟೇಜಿನ ಮೂಲೆಗೇ ತಾಗಿಸಿ, ಹ್ಯಾಂಡಲ್ ತಿರುವಿದ. ಬೇಗ ಎಳೆದು ಎಸೆದುಬಿಡೋಣ, ಇನ್ನೂ ಕೋಡಿ ತುಂಬುತ್ತಿರುತ್ತದೆ, ಬೀಳುವಷ್ಟರಲ್ಲಿ ಮುಂದೆ ಓಡಿಬಿಡಬಹುದು ಎಂದು ಲೆಕ್ಕ.

ಮೋಟರು ಎದ್ದಿತು. ಅದರೊಂದಿಗೆ ಲೋಕದ ಉಳಿದ ಸದ್ದೆಲ್ಲ ಅವನ ಪಾಲಿಗೆ ಸತ್ತುಹೋಯಿತು. ಸ್ಪೀಕರುಗಳ ಬಾಯಿ ಜನರ ಕಡೆಗಿತ್ತು, ಇವನ ಪಾಲಿಗಿದ್ದದ್ದು ಅವುಗಳ ಬೆನ್ನು ಮತ್ತು ಈ ಡುಗು ಡುಗು. ಪೈಪಿನ ಬಾಯಿಗೆ ಕೆಸರು, ಹುಲ್ಲು, ಯಾರದೋ ಕರ್ಚೀಫು ಸಿಕ್ಕಿಕೊಳ್ಳುತ್ತಿತ್ತು. ಬಿಳಿ ಅಂಗಿಯ ತೋಳನ್ನೂ ಮಡಚದೆ ಮೊಣಕೈವರೆಗೆ ಕೈಯಿಳಿಸಿ ಕಿತ್ತು ಕಿತ್ತು ತೆಗೆಯುತ್ತಿದ್ದ.

ತಲೆಯೆತ್ತಿ ನೋಡಿದಾಗ ಸ್ಟೇಜಿನ ಸಂದಿಯಿಂದ ಜನ ಕಾಣುತ್ತಿದ್ದರು. ಏನೋ ಆಗುತ್ತಿತ್ತು. ಮೊದಲು ಎಲ್ಲರ ತಲೆಗಳು ಒಟ್ಟಿಗೆ ಆಡತೊಡಗಿದವು. ನಯನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ರಾಮಕೃಷ್ಣಪ್ಪನವರು ಈ ವಯಸ್ಸಿನಲ್ಲಿ, ಆ ಕೆಸರಿನಲ್ಲಿ, ಹಾರಿ ಹಾರಿ ಕುಣಿಯುತ್ತಿದ್ದರು. ಅಯ್ಯೋ ದೇವರೇ, ತುಂಬುತ್ತಿದೆ, ತುಂಬಿಬಿಟ್ಟಿದೆ! ಮಡುವಿನಲ್ಲಿ ಇನ್ನು ನಾಲ್ಕು ಬೆರಳು ನೀರಿತ್ತು. ಹಾಳಾಗಿ ಹೋಗಲಿ, ಇಷ್ಟು ಸಾಕು ಎಂದು ಮುನೀಂದ್ರ ಮೋಟರು ನಿಲ್ಲಿಸಲು ಕೈ ಚಾಚಿದ.

ಮೇಲಿನಿಂದ ಡ್ರಮ್ಮಿನವನು ಕಿರುಚಿದ್ದು ಕೇಳಿಸಲಿಲ್ಲ, ಅವನ ಬಾಯಿ ಮಾತ್ರ ಕಂಡಿತು. ಒಂದು ಕೈಯಲ್ಲಿ ಬಾರಿಸುತ್ತಲೇ ಇನ್ನೊಂದು ಕೈಯ ಕೋಲನ್ನು ಗಾಳಿಯಲ್ಲಿ ಗಿರಗಿರ ತಿರುಗಿಸುತ್ತಿದ್ದ. ನಡೀಲಿ, ನಡೀಲಿ, ನಿಲ್ಲಿಸಬೇಡ! ಕರೆಂಟಿನ ಹುಡುಗನೂ ಓಡಿ ಬಂದು ಇವನ ಮಣಿಕಟ್ಟು ಹಿಡಿದುಕೊಂಡ. ಇನ್ನೂ ನೀರಿದೆ ಅನ್ನುತ್ತಿದ್ದಾರೆ ಎಂದುಕೊಂಡ ಮುನೀಂದ್ರ. ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. "ನೀವೇನ್ ಮನುಸ್ರಾ?" ಎಂದು ಕೂಗಿದ. ಕೂಗಿದ್ದು ಅವನಿಗೇ ಕೇಳಿಸಲಿಲ್ಲ. ಹಾಗೆ ನಿಂತೇ ನೋಡಿದ. ಮೈದಾನದ ಜನವೆಲ್ಲ ಒಮ್ಮೆಲೇ ಕೈ ಮೇಲೆತ್ತಿದರು. ಕುಬ್ರಾ ಮೇಡಂ ಮುಖವೆತ್ತಿ ಅಳುತ್ತಿದ್ದರು. ಕೋಡಿ ಬಿತ್ತೆಂದು ಅವರ ಮುಖ ನೋಡಿ ತಿಳಿದುಕೊಳ್ಳಬೇಕಾಯಿತು. ಅವನ ಕಿವಿಯಲ್ಲಿದ್ದದ್ದು ಡುಗು ಡುಗು ಡುಗು ಡುಕ್.

ಪಟಾಲಮ್ಮನ ಟೀ ಅಂಗಡಿ ಮೈದಾನದ ಎದುರಿಗೇ ಇತ್ತು. ಮುನೀಂದ್ರ ಬರಬಾರದೆಂದಿದ್ದ. ಆದರೆ ಕೊನೆಯವರೆಗೆ ಇದ್ದವನು ತಾನೇ? ಮೊಣಕಾಲವರೆಗೆ ಕೆಸರು, ಅಂಗಿಯ ಮೇಲೆ ಡೀಸೆಲ್ ಕಲೆ, ಹಾಗೇ ಬಂದು ಮೂಲೆಯ ಬೆಂಚಿನಲ್ಲಿ ಕೂತ. ಯಾರಿಗೂ ಅವನ ಅವತಾರ ನೋಡುವ ಪುರುಸೊತ್ತಿರಲಿಲ್ಲ. ಎಲ್ಲರ ಕಾಲೂ ಕೆಸರೇ, ಎಲ್ಲರ ಮುಖವೂ ಬೆಳಗುತ್ತಿತ್ತು.

ಸುತ್ತು ರಾಮಕೃಷ್ಣಪ್ಪನವರಿಂದ ಶುರುವಾಯಿತು. "ನಾನು ಇವರನ್ನ ಮೊದಲಿನಿಂದ ಕೇಳ್ತಾ ಇದೀನಿ. ಇಂಥದ್ದು ಆಗಿಲ್ಲ, ಇನ್ನಾಗೋದೂ ಇಲ್ಲ. ಆ ಕೆಳಗಿಂದ ಬಂತಲ್ಲ ಒಂದು ಸದ್ದು, ಡ್ರಮ್ಮಿನ ಅಡಿಯಿಂದ? ಅದೇನು ವಾದ್ಯಾನೋ ದೇವರಿಗೇ ಗೊತ್ತು. ನಾಲ್ಕು ನಡೆದು ಒಂದು ತಡೆಯೋದು. ಭೂಮಿಯೇ ಉಸಿರಾಡಿದ ಹಾಗೆ."

"ಆ ತಡೆ ಇತ್ತಲ್ಲ ಅಂಕಲ್," ನಯನಾ ಬೆಂಚಿನಿಂದ ಅರ್ಧ ಎದ್ದಿದ್ದಳು, "ಡ್ರಮ್ಮರ್ ಅದನ್ನ ಹಿಡ್ಕೊಂಡ್ಬಿಟ್ಟ. ಕೊಳಲು ಆ ತಡೆ ಒಳಗಡೆ ಹೋಗಿ ಕೂತ್ಕೊಳ್ತಾ ಇತ್ತು, ಪ್ರತೀ ಸಲ! ನಂಗೆ ಸತ್ತೇ ಹೋಗ್ತೀನಿ ಅನ್ನಿಸ್ತು."

ಮುನೀಂದ್ರನ ಕೈಯ ಟೀ ಲೋಟ ಅಲ್ಲೇ ನಿಂತಿತು. ನಾಲ್ಕು ನಡೆದು ಒಂದು ತಡೆಯೋದು. ಡ್ರಮ್ಮಿನವನು ಕೋಲು ತಿರುಗಿಸಿದ್ದು ನೀರಿಗಲ್ಲ. ಅಯ್ಯೋ ನನ್ನಪ್ಪ! ಡ್ರಮ್ಮಿನ ಮೈಕಿಗೆ ಸಿಕ್ಕ ಇವನ ಮೋಟರಿನ ಸದ್ದಿನ ಮೇಲೆ ಅವರೆಲ್ಲ ಅಷ್ಟು ಹೊತ್ತು ಹಾಡು ಕಟ್ಟಿದ್ದರು.

"ಮುನೀಂದ್ರಣ್ಣ, ಈಗ ನೀವು." ಕುಬ್ರಾ ಮೇಡಂ ಅವನ ಕಡೆ ತಿರುಗಿ ಕೂತರು. "ನಾಲ್ಕು ವರ್ಷದಿಂದ ನಿಮ್ಮ ಮಾತಿಗೆ ಕಾಯ್ತಿದೀವಿ. ಸ್ಟೇಜ್ ಹಿಂದಾದ್ರೂ ಇವತ್ತು ಕೊನೇವರೆಗೂ ಇದ್ರಿ. ಹೇಳಿ, ನೀವೇನು ಕೇಳಿದ್ರಿ?"

ಪಟಾಲಮ್ಮ ಸ್ಟವ್ ಸಣ್ಣ ಮಾಡಿದಳು.

"ಏನ್ ಏಳ್ಲಿ ಮೇಡಂ?" ಅವನು ಲೋಟ ಕೆಳಗಿಟ್ಟ. "ಆ ಸದ್ದು ಅಂದ್ರಲ್ಲ. ಅದು ನನ್ ಮೋಟ್ರು. ನಮ್ಮಪ್ಪನ ಡೀಸಲ್ ಮೋಟ್ರು."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಂಗಡಿಯೇ ಹಾರಿಹೋಗುವಂತೆ ಕೂಗೆದ್ದಿತು. ನಯನಾ ಚಪ್ಪಾಳೆ ತಟ್ಟಿದಳು. ರಾಮಕೃಷ್ಣಪ್ಪನವರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡು, "ಎಂಥ ಪುಣ್ಯವಂತನಯ್ಯಾ ನೀನು!" ಎಂದರು.

"ಪುಣ್ಯ ಅಂತೆ ಪುಣ್ಯ! ಬುಡಿ ಸಾರ್ ಕೈನ!" ಮುನೀಂದ್ರ ಎದ್ದು ನಿಂತ. "ನೀರು ಉಯ್ದೋನು ನಾನು, ಎತ್ತಿದೋನು ನಾನು, ಮೋಟ್ರು ನಂದು. ನೀವೆಲ್ಲ ಕೇಳುದ್ರಿ. ನಾಲ್ಕ್ ವರ್ಸದಿಂದ ಇದುಕ್ಕೋಸ್ಕರ ನಾಯಿ ಅಂಗೆ ಅಲ್ದಿದೀನಿ. ನನ್ ಕಿವೀಗೆ ಒಂದೇ ಒಂದ್ ಸ್ವರ ಬೀಳ್ಲಿಲ್ಲ, ಗೊತ್ತಾ ನಿಮ್ಗೆ? ಒಂದೇ ಒಂದು! ಮೋಟ್ರು ಪಕ್ಕದಲ್ಲಿ ನಿಂತಿದ್ದೆ. ನಾನೇನ್ ಏಳ್ಬೇಕು?"

ರಾಮಕೃಷ್ಣಪ್ಪನವರು ಕೈ ಬಿಟ್ಟು ತಲೆ ತಗ್ಗಿಸಿದರು. ಕೇಳಿದವರು ಕೇಳದವನಿಗೆ ಕೊಡಬಹುದಾದದ್ದು ಏನೂ ಇರಲಿಲ್ಲ. ಬ್ಯಾಂಡಿನವರ ವ್ಯಾನು ಆಗಲೇ ಯಲಹಂಕದ ಕಡೆ ಹೋಗಿಯಾಗಿತ್ತು, ಕೋಡಿಯನ್ನು ಇನ್ನು ನುಡಿಸುವುದಿಲ್ಲವೆಂದು ಸ್ಟೇಜಿನ ಮೇಲೆಯೇ ಮತ್ತೊಮ್ಮೆ ಹೇಳಿದ್ದರು.

"ಏನು ಕೇಳಿಸ್ತೋ ಅದನ್ನ ಹೇಳಿ ಅಣ್ಣ," ಎಂದರು ಕುಬ್ರಾ ಮೇಡಂ. "ಸುತ್ತಿನಲ್ಲಿ ಅಷ್ಟೇ ತಾನೇ ನಾವು ಮಾಡೋದು? ಮೋಟರ್ ಕೇಳಿಸ್ತು ಅಂದ್ರೆ ಮೋಟರ್ ಹೇಳಿ."

ಮುನೀಂದ್ರ ಅವರನ್ನೇ ದುರುಗುಟ್ಟಿ ನೋಡಿದ. ಆಮೇಲೆ ಕೂತ. ಕೆಸರಿನ ಕೈಯನ್ನು ಮೇಜಿನ ತಗಡಿನ ಮೇಲಿಟ್ಟು, ಸಿಟ್ಟಿನಿಂದಲೇ ಬಡಿಯತೊಡಗಿದ. ಡುಗು ಡುಗು ಡುಗು ಡುಕ್. ಡುಗು ಡುಗು ಡುಗು ಡುಕ್. ಲೋಟಗಳು ಅಲುಗಿದವು. ಅವನಿಗೆ ಅದರ ಒಂದೊಂದು ಹೊಡೆತವೂ ಗೊತ್ತಿತ್ತು, ಎಲ್ಲಿ ಉಸಿರು ಕಟ್ಟುತ್ತದೆ, ಎಷ್ಟು ತಡೆಯುತ್ತದೆ ಎಲ್ಲ. ನಯನಾ ಮೆಲ್ಲಗೆ ಆ ನಾಲ್ಕು ಸ್ವರ ಗುನುಗಿದಳು. ರಾಮಕೃಷ್ಣಪ್ಪನವರು ಕೊಳಲು ಬಂದ ಕಡೆ ದನಿ ಸೇರಿಸಿದರು. ಕೂಗಿ ಕೂಗಿ ಎಲ್ಲರ ಗಂಟಲೂ ಒಡೆದಿತ್ತು. ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗೆ, ತಡೆಯ ಒಳಗೆ ಹೋಗಿ ಕೂರಬೇಕಾದದ್ದು ತಡೆಯ ಆಚೆ ಬಿದ್ದುಹೋಗುತ್ತಿತ್ತು. ಆದರೂ ಎಲ್ಲರೂ ಬಿಡದೆ ಹೇಳುತ್ತ ಹೋದರು. ಮುನೀಂದ್ರ ಕಿವಿಯಾಗಿ ಕೂತಿದ್ದ. ಎಲ್ಲೋ ಒಂದು ಕಡೆ, ಒಂದೇ ಒಂದು ಸಲ, ಅವನ ಡುಕ್ ನಿಂತ ಜಾಗಕ್ಕೆ ನಯನಾಳ ಸ್ವರ ಬಂದು ಸರಿಯಾಗಿ ಕೂತಿತು. ಅವನ ತೋಳಿನ ರೋಮ ನೆಟ್ಟಗಾಯಿತು.

"ಇದೇನಾ?" ಎಂದು ಬಡಿಯುತ್ತಲೇ ಕೇಳಿದ. "ಮೇಡಂ, ಇದೇನಾ ಅದು?"

ಲೆಕ್ಕದ ಮೇಡಮ್ಮಿಗೆ ಸುಳ್ಳು ಹೇಳಲು ಬರಲಿಲ್ಲ. ಅವರು ಕಣ್ಣು ಒರೆಸಿಕೊಂಡು ತಲೆ ಅಲ್ಲಾಡಿಸಿದರು.

"ಇಲ್ಲ ಅಣ್ಣ. ಇದಲ್ಲ. ಅದು ಬೇರೆನೇ ಇತ್ತು."

ಮುನೀಂದ್ರನ ಕೈ ನಿಂತಿತು. ಗುನುಗುತ್ತಿದ್ದವರ ದನಿಯೂ ತಡವರಿಸಿತು. ನಯನಾ ಮಾತ್ರ ಸ್ವರ ಬಿಡದೆ, ಅವನ ಕಡೆ ನೋಡುತ್ತ, ಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿದಳು. ನಡೀಲಿ, ನಡೀಲಿ.

ಬಾಗಿಲಲ್ಲಿ ದಾಸಪ್ಪ ಬಂದು ನಿಂತಿದ್ದ, ಕೈಯಲ್ಲಿ ಮುನೀಂದ್ರನ ಫೋನು ಬಡಿದುಕೊಳ್ಳುತ್ತಿತ್ತು. "ಅಣ್ಣ, ಆ ಅಪಾರ್ಟ್‌ಮೆಂಟಿನೋರು. ನೀರು ಖಾಲಿಯಂತೆ."

"ಇರ್ಲಿ, ಬರ್ತೀನಿ ಅನ್ನು." ಮುನೀಂದ್ರ ಮೂಗು ಒರೆಸಿಕೊಂಡು, ಕೈಯನ್ನು ಮತ್ತೆ ತಗಡಿನ ಮೇಲಿಟ್ಟ. "ಮೇಡಂ, ಮೊದಲಿಂದ ಅನ್ನಿ. ಎಲ್ ತಪ್ತೋ ಅಲ್ಲೇ ನಿಲ್ಸಿ ಏಳಿ ನನ್ಗೆ."